ಸೋದರಮಾವನ ಫ್ಲೆಕ್ಸು

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟು, ನೆಂಟರಿಷ್ಟರಿಗೆಲ್ಲ ಊಟ ಹಾಕಿಸಿದೆ. ಮಟನ್ ಸಾರಿಗೆ ಉಪ್ಪು ಖಾರ ಎಷ್ಟೆಂದು ಅಡುಗೆಯವನಿಗೆ ಹೇಳಿದವನು ನಾನು. ಅದಕ್ಕೇ ಯಾರ ಎಲೆಯಲ್ಲೂ ಒಂದು ಚೂರು ಉಳಿಯಲಿಲ್ಲ. ಈಗ ಆರ್‌ಪಿಸಿ ಲೇಔಟ್ ಎನ್ನುವ ಈ ಜಾಗದಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ. ಆ ಹೊಲದ ಮೇಲೆ ನಾನು ಮೂರು ಅಂತಸ್ತು ಎಬ್ಬಿಸಿದ್ದೇನೆ. ಏಳನೇ ಕ್ಲಾಸು ಓದಿದ ಚಿಕ್ಕಹನುಮಯ್ಯ ಬಂದನೆಂದರೆ ಇಂಜಿನಿಯರುಗಳೂ ಎದ್ದು ಕುರ್ಚಿ ಕೊಡುತ್ತಾರೆ.

ಕೆಳಗಿನ ಮನೆಯಲ್ಲಿರುವ ನನ್ನ ತಂಗಿ ಶಿವಕ್ಕನ ಮಗ ಭೈರೇಶ ಮಾತ್ರ ಪಂಕ್ತಿಗೆ ಕೂರದೆ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಬಡಿಸುತ್ತಿದ್ದ. ಅವನನ್ನು ಮಗ ಎಂದು ಕರೆದರೆ ಶಿವಕ್ಕ ಉರಿದುಬೀಳುತ್ತಾಳೆ, ಮಗಳು ಎನ್ನಬೇಕಂತೆ. ಅವನು ಹೆಣ್ಣಾಗಿ ಬಾಳಲು ಶುರುಮಾಡಿ ನಾಲ್ಕು ವರ್ಷವಾಯಿತು. ಚೂಡಿದಾರ, ಜಡೆ, ಸರ್ಕಾರದ ಕಾರ್ಡು ಎಲ್ಲ ಆಗಿದೆ. ಕಾರ್ಡಿನಲ್ಲಿ ಮಾಲವಿಕಾ ಎಂದು ಬರೆಸಿಕೊಂಡಿದ್ದಾನೆ. ನಮ್ಮ ವಂಶದಲ್ಲಿ ಲಿಂಗಮ್ಮ, ಕೆಂಪಮ್ಮ, ಹೊನ್ನಮ್ಮ ಇದ್ದರು. ಈ ಮಾಲವಿಕಾ ಯಾವ ಅಗ್ರಹಾರದಿಂದ ಬಂದಳೋ.

ದೊಡ್ಡಪ್ಪನ ಮಗ ವೆಂಕಟೇಶ ಎಲೆಯ ಮುಂದೆ ಕೂತು ಕೇಳಿದ: "ಏನಮ್ಮಾ, ಮಾಸ್ಕ್ ತೆಗಿ ಸ್ವಲ್ಪ, ಮೀಸೆ ಚಿಗುರಿದ್ಯಾ ನೋಡೋಣ." ಪಂಕ್ತಿಯೇ ನಕ್ಕಿತು. ಭೈರೇಶ ಸೌಟನ್ನು ಬಕೆಟ್ಟಿಗೆ ಬಿಟ್ಟು ಅಡುಗೆಮನೆಗೆ ಹೋದ. ನಾನು ಹಿಂದೆ ಹೋದೆ.

"ದಿನಾ ಕೆರ್ಕೊಂಡ್ರೆ ಆಯ್ತಲ್ಲೋ. ಅದಕ್ಯಾಕೆ ಇಷ್ಟು ದುಃಖ?"

"ಟ್ರೀಟ್‌ಮೆಂಟ್‌ಗೆ ಮುಂಚೆ ನಾಲ್ಕು ದಿನ ಬೆಳೆಸಲೇಬೇಕು ಮಾವ. ಕೂದಲು ಕಾಣಿಸಿದ್ರೆ ತಾನೇ ಅದರ ಬುಡಕ್ಕೆ ಸೂಜಿ ಹಾಕಿ ಕರೆಂಟ್ ಕೊಡೋಕಾಗೋದು. ಒಂದೊಂದೇ ಕೂದಲಿಗೆ ಮಾಡಬೇಕು. ಆಮೇಲೆ ಮತ್ತೆ ಹುಟ್ಟಲ್ಲ."

ಕೂಡಿಟ್ಟ ದುಡ್ಡೆಲ್ಲ ಮೊದಲು ಲೇಸರಿಗೆ, ಆಮೇಲೆ ಈ ಸೂಜಿಗೆ ಹೋಯಿತಂತೆ. ಒಂದು ಕೆನ್ನೆ ಮುಗಿದಿದೆ, ಗಲ್ಲ ಮತ್ತು ತುಟಿಯ ಮೇಲೆ ಬಾಕಿ. ಇನ್ಶೂರೆನ್ಸಿನವರು ಇದು ಕಾಯಿಲೆಯಲ್ಲ, ಸೌಂದರ್ಯದ ಖರ್ಚು ಎಂದು ಕೈತೊಳೆದುಕೊಂಡರಂತೆ. ಕೆಲಸ ಬಸವೇಶ್ವರನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನ ಮುಂದಿನ ಕೌಂಟರಿನಲ್ಲಿ. ಅಲ್ಲಿ ಮಾಸ್ಕ್ ಹಾಕಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

"ಅಲ್ಲಿ ಯಾರಿಗೂ ಗೊತ್ತಿಲ್ಲ ಮಾವ. ಹುಡುಗೀರು ನನ್ನ ಜೊತೆ ಡಬ್ಬಿ ಹಂಚ್ಕೊಂಡು ತಿಂತಾರೆ. ನಂಗೆ ಅಷ್ಟು ಸಾಕು. ಆದ್ರೆ ಅವರ ಮುಂದೆ ಊಟ ಮಾಡೋಕೆ ಮಾಸ್ಕ್ ತೆಗೀಬೇಕಲ್ಲ. ಆ ನಾಲ್ಕು ದಿನ ಉಪವಾಸ ಅಂತೀನಿ. ಇನ್ನೆಷ್ಟು ದೇವ್ರ ಹೆಸರು ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದೆ: "ನಿನ್ನ ಮೊದಲನೇ ಮುಡಿ ತೆಗೆಸ್ದಾಗ ತೊಡೆ ಮೇಲೆ ಕೂರಿಸ್ಕೊಂಡಿದ್ದೋನು ನಾನು. ಕೊನೇ ಕೂದಲೂ ನಾನೇ ತೆಗೆಸ್ತೀನಿ. ಎಷ್ಟಾದ್ರೂ ಆಗ್ಲಿ ಬಿಡೋ."

ಹೇಳಿದ್ದಾಯಿತು. ಮನೆ ನನ್ನ ಹೆಸರಿನಲ್ಲಿದೆ, ಬಾಡಿಗೆ ಮಗನ ಖಾತೆಗೆ ಹೋಗುತ್ತದೆ. ಕಾಫಿಪುಡಿಗೂ ಸೊಸೆಯನ್ನು ಕೇಳಬೇಕು. ಈ ಮಾತು ಊರಲ್ಲಿ ಯಾರಿಗೂ ಗೊತ್ತಿಲ್ಲ.

ಸೆಪ್ಟೆಂಬರ್ 25, ಗುರುವಾರ

ರಾಜಾಜಿನಗರದ ಕ್ಲಿನಿಕ್ಕಿಗೆ ನಾನೂ ಹೋದೆ. ದುಡ್ಡು ಕೊಡಿಸುವವನು ಸಾಮಾನು ನೋಡದೆ ಕೊಡಿಸುತ್ತಾನೆಯೇ? ಕಾಯುವ ಕೋಣೆಯಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಕಿವೀಲಿ ಕೂದಲು ಬಂದಿದೆ ತಾಯಿ. ಲಕ್ಷ್ಮಿ ಬರೋ ದಾರಿ ಅಂತಾರೆ. ಲಕ್ಷ್ಮಿ ಜಾಸ್ತಿ ಆಗೋಗಿದ್ದಾಳೆ, ಸ್ವಲ್ಪ ಕಮ್ಮಿ ಮಾಡಿಸೋಣ ಅಂತ ಬಂದೆ" ಎಂದೆ. ಆಕೆ ಎದ್ದು ಆಚೆ ಕುರ್ಚಿಗೆ ಹೋದಳು. ಭೈರೇಶ ಮಾಸ್ಕಿನ ಒಳಗೇ ನಕ್ಕ.

ಡಾಕ್ಟರಮ್ಮ ನನ್ನನ್ನು ಒಳಗೆ ಬಿಟ್ಟರು. ದೊಡ್ಡ ದೀಪ, ಭೂತಗನ್ನಡಿ, ಕೂದಲಿನಷ್ಟೇ ಸಣ್ಣ ಸೂಜಿ. ಚುಚ್ಚುವುದು, ಗುಂಡಿ ಒತ್ತುವುದು, ಚಿಮಟದಿಂದ ಎಳೆಯುವುದು. ಮತ್ತೆ ಚುಚ್ಚುವುದು. ತುಟಿಯ ಮೇಲೆ ಚುಚ್ಚಿದಾಗೆಲ್ಲ ಕಣ್ಣಿನಿಂದ ತಾನಾಗಿಯೇ ನೀರು ಹರಿದು ಕಿವಿಯೊಳಗೆ ಇಳಿಯುತ್ತಿತ್ತು. ಸದ್ದಿಲ್ಲ. ಕಾಲಿನ ಬೆರಳು ಮಾತ್ರ ಮಡಚಿಕೊಳ್ಳುತ್ತಿದ್ದವು. ಚೇಳು ಕಡಿದರೂ ಬೀಡಿ ಆರಿಸದವನು ನಾನು. ಅಲ್ಲಿ ನಿಲ್ಲಲಾಗದೆ ಕಾಫಿ ಕುಡಿಯುವ ನೆಪ ಹೇಳಿ ಹೊರಗೆ ಬಂದೆ.

ವಾಪಸು ಆಟೋದಲ್ಲಿ ಬರುವಾಗ ಮಾಲವಿಕಾ ಐಸ್ ಕಟ್ಟಿದ ಕರ್ಚೀಫು ಒತ್ತಿಕೊಂಡು ಕೂತಿದ್ದಳು. ಡ್ರೈವರು ಹಿಂದೆ ತಿರುಗಿ, "ಏನಾಯ್ತು ಯಜಮಾನ್ರೇ, ಹಲ್ಲು ಕೀಳಿಸಿದ್ರಾ?" ಎಂದ. "ಹೌದಪ್ಪ, ಎಲ್ಲ ಕೀಳಿಸ್ದೆ, ಇನ್ಮೇಲೆ ನನ್ನ ಕಚ್ಚಲ್ಲ" ಎಂದೆ.

ಅಕ್ಟೋಬರ್ 5, ಭಾನುವಾರ

ನಮ್ಮ ಹಳೇ ಊರಿನವರ ಕ್ಷೇಮಾಭಿವೃದ್ಧಿ ಸಂಘದ ಮೀಟಿಂಗು. ನಾನು ಗೌರವಾಧ್ಯಕ್ಷ. ಕಾರ್ಯದರ್ಶಿ ಮೋಹನ್ ಕುಮಾರ್. ಅವನಿಗೆ ವಾರ್ಡ್ ಎಲೆಕ್ಷನ್ನಿಗೆ ನಿಲ್ಲುವ ಆಸೆ, ಎಲ್ಲಿ ನಿಂತರೂ ಫೋಟೋಗೆ ನಿಂತ ಹಾಗೆ ನಿಲ್ಲುತ್ತಾನೆ. ಪ್ರತಿ ವರ್ಷ ರಾಜ್ಯೋತ್ಸವದಲ್ಲಿ ಸಂಘದಿಂದ ವೈದ್ಯಕೀಯ ಸಹಾಯಧನ ಕೊಡುತ್ತೇವೆ.

ನಾನು ವಿಷಯ ಇಟ್ಟ ತಕ್ಷಣ ವೆಂಕಟೇಶ ಶುರುಮಾಡಿದ. "ಗಡ್ಡಕ್ಕೆ ಒಂದು ಲಕ್ಷವಾ ಹನುಮಣ್ಣ? ನಮ್ಮ ಕಟಿಂಗ್ ಶಾಪಲ್ಲಿ ನೂರು ರೂಪಾಯಿ. ತಲೆ ಮಸಾಜು ಫ್ರೀ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಕೆಲಸ ಆಗುವುದಿಲ್ಲ. ನಗು ಇಳಿಯಲಿ ಎಂದು ಕಾದು ಕೇಳಿದೆ: "ಹೋದ ವರ್ಷ ನಿನ್ನ ಮಗನ ಬೊಕ್ಕ ತಲೆಗೆ ಕೂದಲು ನೆಡಿಸೋಕೆ ಇದೇ ಸಂಘ ದುಡ್ಡು ಕೊಡ್ತಲ್ಲ ವೆಂಕಟೇಶ. ಹೆಣ್ಣು ಕೊಡೋರಿಲ್ಲ ಅಂತ ಕಣ್ಣೀರು ಹಾಕಿದ್ದೆ. ನೆಡೋದು ಧರ್ಮ, ಕೀಳೋದು ಅಧರ್ಮವಾ?"

ಈ ಸಲದ ನಗುವಿಗೆ ವೆಂಕಟೇಶನ ಕಿವಿ ಕೆಂಪಾಯಿತು. ಎಂಎ ಓದಿದವರಿಗೂ ಹೀಗೆ ಮಾತು ಬರುವುದಿಲ್ಲ. ಮೋಹನ್ ಕುಮಾರ್ ಪೆನ್ನು ಆಡಿಸುತ್ತ ಯೋಚನೆ ಮಾಡಿದ. "ಇದು ಹೊಸ ವಿಷಯ ಅಣ್ಣ. ಕಣ್ಣಿನ ಪೊರೆ ಎಲ್ಲ ಸಂಘದೋರೂ ಮಾಡಿಸ್ತಾರೆ. ಇದನ್ನ ಯಾರೂ ಮಾಡಿಲ್ಲ. ಟಿವಿಯವರು ಬಂದ್ರೂ ಬರ್ತಾರೆ" ಎಂದ. ಪಾಸಾಯಿತು.

ಅಕ್ಟೋಬರ್ 6, ಸೋಮವಾರ

ಶಿವಕ್ಕ ಬೆಳಿಗ್ಗೆಯೇ ಅಕ್ಕಿರೊಟ್ಟಿ ತಟ್ಟಿ ಮೇಲೆ ಕಳಿಸಿದಳು. ಗಂಡ ಸತ್ತ ಮೇಲೆ ಅವಳು ಹಾಡಿಕೊಂಡು ಕೆಲಸ ಮಾಡುವುದನ್ನು ಇವತ್ತೇ ಕೇಳಿದ್ದು.

ಅಕ್ಟೋಬರ್ 16, ಗುರುವಾರ

ಮೋಹನ್ ಕುಮಾರ್ ಫೋನ್ ಮಾಡಿದ. "ಫೈಲಿಗೆ ಒಂದು ಫೋಟೋ ಬೇಕಲ್ಲ ಅಣ್ಣ. ಟ್ರೀಟ್‌ಮೆಂಟ್‌ಗೆ ಮುಂಚೆ ಹೇಗಿತ್ತು ಅಂತ. ಕಿಡ್ನಿಯವರ ಹತ್ರ ಸ್ಕ್ಯಾನಿಂಗ್ ತಗೊಳಲ್ವಾ, ಹಾಗೆ."

ಕೇಳಿದರೆ ಅವಳು ಕೊಡುವುದಿಲ್ಲ. ಆದರೆ ನಾನು ಯಾರು? ಇವತ್ತು ಕ್ಲಿನಿಕ್ಕಿಗೆ ಹೋಗುವ ದಿನ, ಗಡ್ಡ ನಾಲ್ಕು ದಿನದ್ದು. ಶಿವಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ, ಕನ್ನಡಕ ಮರೆತವನ ಹಾಗೆ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು, ಆ ಕಾಯುವ ಕೋಣೆಯ ಹೆಂಗಸು ಕನಸಲ್ಲಿ ಬಂದು ನನ್ನ ಕಿವಿಗೆ ಪೂಜೆ ಮಾಡಿದಳು ಎಂದೆ. ಅವಳು ಕಾಫಿಗೆಂದು ಮಾಸ್ಕ್ ಇಳಿಸಿದ್ದಳು. ತಲೆ ಹಿಂದಕ್ಕೆ ಹಾಕಿ ನಕ್ಕಳು. ಟಕ್.

"ಏನ್ ಮಾವ, ಫೋಟೋ ತೆಗೆದ್ಯಾ?"

"ಇಲ್ಲ ಕಣವ್ವ, ಟಾರ್ಚು ಒತ್ತಿಬಿಟ್ಟೆ."

ಒಳ್ಳೇ ಫೋಟೋ. ನಮ್ಮವ್ವ ನಕ್ಕಾಗ ಹೀಗೇ ಕಣ್ಣು ಪೂರ್ತಿ ಮುಚ್ಚುತ್ತಿದ್ದವು.

ನವೆಂಬರ್ 4, ಮಂಗಳವಾರ

ಕಾರ್ಯಕ್ರಮ ಬರುವ ಭಾನುವಾರ. ಫ್ಲೆಕ್ಸ್ ಅಂಗಡಿಗೆ ಹೋಗಿ ಮುಂದೆ ನಿಂತು ಮಾಡಿಸಿದೆ. ಮೇಲೆ ಭುವನೇಶ್ವರಿ. ಎಡಕ್ಕೆ ಕೈಮುಗಿದ ಮೋಹನ್ ಕುಮಾರ್, ಬಲಕ್ಕೆ ಮೈಸೂರು ಪೇಟ ಇಟ್ಟ ನಾನು. ನನ್ನದು ಸ್ವಲ್ಪ ದೊಡ್ಡದು ಬಂದಿದೆ. ನಾನೇ ಹೇಳಿ ಮಾಡಿಸಿದ್ದು. ನಡುವೆ ಈ ವರ್ಷ ಸಹಾಯಧನ ಪಡೆದವರು. ಕಿಡ್ನಿಯ ಭಾಗ್ಯಮ್ಮ ಒಂದು ಮೂಲೆಯಲ್ಲಿ, ಮಾಲವಿಕಾ ನಡುಮಧ್ಯೆ. ಮೋಹನ್ ಕುಮಾರ್ ಫೈಲಿನ ಫೋಟೋವನ್ನೇ ಕಳಿಸಿದ್ದ. ಅದರ ಕೆಳಗೆ "ಶಾಶ್ವತ ಕೂದಲು ನಿವಾರಣಾ ಚಿಕಿತ್ಸೆಗೆ ನೆರವು" ಎಂದು ಅರಿಶಿನ ಬಣ್ಣದ ಅಕ್ಷರ.

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಹೆಸರು ಕೇಳಿದಳು. ಬರೀ ಮಾಲವಿಕಾ ಎಂದರೆ ನಮ್ಮ ಊರಿನವರಿಗೆ ಯಾರ ಮನೆಯವಳೆಂದು ಹೇಗೆ ತಿಳಿಯಬೇಕು? ಮನೆತನ ಗೊತ್ತಾಗದ ಮೇಲೆ ಸನ್ಮಾನ ಯಾತಕ್ಕೆ? "ಮಾಲವಿಕಾ, ಪಕ್ಕದಲ್ಲಿ ಭೈರೇಶ್ ಅಂತ ಹಾಕಮ್ಮ. ಚಿಕ್ಕಹನುಮಯ್ಯನವರ ತಂಗಿಯ ಮಗಳು ಅಂತಾನೂ ಹಾಕು" ಎಂದೆ.

ಸಂಘದವರು ವಿಜಯನಗರ, ಬಾಪೂಜಿ ನಗರಕ್ಕೆ ಸಾಕು ಎಂದರು. ಹಬ್ಬಕ್ಕೆ ಮಗ ಕೊಟ್ಟಿದ್ದ ದುಡ್ಡಿನಲ್ಲಿ ಒಂದು ಹೆಚ್ಚಿಗೆ ಮಾಡಿಸಿದೆ. ಅದು ಬಸವೇಶ್ವರನಗರಕ್ಕೆ, ಅವಳ ಲ್ಯಾಬಿನ ಎದುರಿನ ಕಂಬಕ್ಕೆ. ಮಾಸ್ಕ್ ಹಾಕಿಕೊಂಡು, ಉಪವಾಸ ಎಂದು ಸುಳ್ಳು ಹೇಳಿಕೊಂಡು ತಲೆ ತಗ್ಗಿಸಿ ಕೂರುತ್ತಾಳಲ್ಲ, ಅವಳ ಹಿಂದೆ ಎಂಥ ಜನ ಇದ್ದಾರೆಂದು ಆ ಆಫೀಸಿನವರಿಗೂ ಗೊತ್ತಾಗಲಿ. ಅವಳಿಗೆ ಹೇಳಿಲ್ಲ. ನಾಳೆ ಬೆಳಿಗ್ಗೆ ನೋಡಿ ಬೆಚ್ಚಿಬೀಳಬೇಕು.

ನವೆಂಬರ್ 5, ಬುಧವಾರ

ಬೆಳಿಗ್ಗೆ ಸರ್ಕಲ್ಲಿನಲ್ಲಿ ಹೂವಿನವಳು, ಹಾಲಿನವನು ಎಲ್ಲರೂ ಫ್ಲೆಕ್ಸ್ ನೋಡಿ ನಮಸ್ಕಾರ ಹೇಳಿದರು. ಪೇಟ ನನಗೆ ಒಪ್ಪುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಮನೆಗೆ ಬಂದುಬಿಟ್ಟಳು. ನೇರ ನನ್ನ ಹತ್ತಿರ ಬಂದಳು. ಮಾಸ್ಕ್ ಇರಲಿಲ್ಲ. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ಆ ಫೋಟೋ ನೀನ್ ತೆಗೆದಿದ್ದಾ?"

"ಚೆನ್ನಾಗಿ ಬಂದಿದೆಯಲ್ಲವ್ವ."

"ಅಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಹೇಳಿದ್ನೋ ಇಲ್ವೋ ಮಾವ?"

"ಗೊತ್ತಾದ್ರೆ ಏನು? ಕದ್ದಿದ್ದೀಯಾ? ನಾನಿದ್ದೀನಿ ಅಂತ..."

"ನೀನಿದ್ದೀಯ. ಅದೇ ಆಗಿರೋದು."

ಬೆಳಿಗ್ಗೆ ರಕ್ತ ಕೊಡಲು ಬಂದವನೊಬ್ಬ ಫೋನಿನಲ್ಲಿ ಫ್ಲೆಕ್ಸಿನ ಫೋಟೋ ಹಿಡಿದು, ಅವಳ ಮುಖಕ್ಕೂ ಅದಕ್ಕೂ ಹೋಲಿಸಿ ನೋಡಿದನಂತೆ. ಮ್ಯಾನೇಜರು ಕರೆದು, "ನಮಗೇನೂ ಇಲ್ಲಮ್ಮ, ಪೇಷಂಟ್‌ಗಳು ಒಂಥರಾ ನೋಡ್ತಾರೆ" ಎಂದು ಹೇಳಿ, ಹಿಂದಿನ ಸ್ಟೋರ್ ರೂಮಿನಲ್ಲಿ ಕೂರು ಎಂದನಂತೆ. ಲೇಡೀಸ್ ಟಾಯ್ಲೆಟ್ಟಿಗೆ ಹೋಗಬೇಡ ಎಂದೂ ಹೇಳಿದನಂತೆ. ಡಬ್ಬಿ ಹಂಚಿಕೊಳ್ಳುತ್ತಿದ್ದ ಹುಡುಗಿಯರು ಇವತ್ತು ಬೇಗನೆ ಊಟ ಮುಗಿಸಿದ್ದರಂತೆ.

ಆ ಮ್ಯಾನೇಜರಿನ ಹತ್ತಿರ ಮಾತಾಡುತ್ತೇನೆ ಎಂದು ಶರ್ಟು ಹಾಕಿಕೊಂಡೆ. ಶಿವಕ್ಕ ಬಾಗಿಲಿಗೆ ಅಡ್ಡ ನಿಂತಳು. "ನಿನ್ನ ಬಾಯೇ ಒಂದು ಫ್ಲೆಕ್ಸು ಕಣಣ್ಣ. ಇನ್ನೊಂದು ಯಾಕೆ ಹಾಕಿಸ್ದೆ?" ಎಂದಳು.

ಒಳ್ಳೆಯದು ಮಾಡಲು ಹೋದವನಿಗೆ ಈ ಮಾತು. ಇರಲಿ.

ನವೆಂಬರ್ 6, ಗುರುವಾರ

ತರಕಾರಿ ಚಾಕು ಪಂಚೆಗೆ ಸಿಕ್ಕಿಸಿಕೊಂಡು ಬಸವೇಶ್ವರನಗರಕ್ಕೆ ಹೋದೆ. ಟೀ ಅಂಗಡಿಯವನ ಹತ್ತಿರ ಸ್ಟೂಲು ಕೇಳಿದೆ. ಅವನು ಫ್ಲೆಕ್ಸ್ ನೋಡಿದ, ನನ್ನನ್ನು ನೋಡಿದ.

"ನಿಮ್ಮ ಫೋಟೋ ನೀವೇ ಕೀಳ್ತೀರಲ್ಲ ಯಜಮಾನ್ರೇ?"

"ಕಪ್ಪಗೆ ಬಂದಿದೀನಿ. ಬೇರೆ ಮಾಡಿಸ್ತೀನಿ."

"ಆ ನಡುವೆ ಇರೋದು ಗಂಡಾ, ಹೆಣ್ಣಾ? ಬೆಳಿಗ್ಗೆಯಿಂದ ಇಲ್ಲಿ ಅದೇ ಬೆಟ್ಟಿಂಗು."

ಸ್ಟೂಲಿನ ಮೇಲೆ ನಿಂತಿದ್ದೆ. ಕೈಯಲ್ಲಿ ಚಾಕು ಇತ್ತು. ಮೊದಲು ಅವಳ ಮುಖದ ಭಾಗವನ್ನೇ ಕುಯ್ದೆ. ಸುರುಳಿ ಸುತ್ತಿದರೆ ಮುಖ ಹೊರಗೇ ಬರುತ್ತಿತ್ತು. ತಿರುಗಿಸಿ ಸುತ್ತಿದೆ. ಉಳಿದದ್ದು ಹಾಗೇ ಇರಲಿ ಎಂದು ಬಿಟ್ಟೆ. ನಡುವೆ ತೂತು, ಆ ಕಡೆ ಮೋಹನ್ ಕುಮಾರ್, ಈ ಕಡೆ ನಾನು ಪೇಟ ಇಟ್ಟುಕೊಂಡು ನಗುತ್ತಿದ್ದೆ.

ಮನೆಗೆ ಬಂದಾಗ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ಫ್ಲೆಕ್ಸಿನ ಫೋಟೋ, ಅವಳ ಮುಖದ ಸಮೇತ. ವೆಂಕಟೇಶ ಚಪ್ಪಾಳೆ ಹಾಕಿದ್ದ.

ನವೆಂಬರ್ 7, ಶುಕ್ರವಾರ

ಕೆಲಸ ಬಿಟ್ಟಳು. ಅವರು ತೆಗೆಯಲಿಲ್ಲ, ಇವಳೇ ಬಿಟ್ಟಳು. ಎರಡೂ ಒಂದೇ ಎಂದು ಶಿವಕ್ಕ ಹೇಳುತ್ತಾಳೆ.

ನವೆಂಬರ್ 9, ಭಾನುವಾರ

ಆರ್ಕೆಸ್ಟ್ರಾ, ಬಾವುಟ, ಬಿಸಿಬೇಳೆಬಾತ್. ಮಾಲವಿಕಾ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದರು. ಬರಲಿಲ್ಲ. ಮೋಹನ್ ಕುಮಾರ್ ನನ್ನ ಕಿವಿಯಲ್ಲಿ, "ಟಿವಿಯವರನ್ನ ಕರೆಸಿದೀನಿ ಅಣ್ಣ. ಮರ್ಯಾದೆ ಪ್ರಶ್ನೆ" ಎಂದ. ನಾನೇ ಎದ್ದೆ. ಶಾಲು ನನಗೇ ಹೊದಿಸಿದರು. ಚೆಕ್ಕನ್ನು ಇಬ್ಬರೂ ಹಿಡಿದುಕೊಂಡು ಕ್ಯಾಮೆರಾ ಕಡೆ ತಿರುಗಿದೆವು. ಮೈಕು ಕೊಟ್ಟರು. ಮೈಕು ಸಿಕ್ಕರೆ ಅರ್ಧ ಗಂಟೆ ಬಿಡದವನು ನಾನು. "ಕಿಡ್ನಿಯ ಭಾಗ್ಯಮ್ಮನಿಗೆ ಒಳ್ಳೇದಾಗ್ಲಿ" ಎಂದು ಇಳಿದುಬಂದೆ.

ನವೆಂಬರ್ 10, ಸೋಮವಾರ

ಚೆಕ್ಕು ತೆಗೆದುಕೊಂಡು ಕೆಳಗೆ ಹೋದೆ. ಮುಖಕ್ಕೆ ಎಸೆಯುತ್ತಾಳೆ ಎಂದೇ ಅಂದುಕೊಂಡಿದ್ದೆ. ಎಸೆದರೆ ಏನು ಹೇಳಬೇಕೆಂದು ಮೆಟ್ಟಿಲ ಮೇಲೆ ಯೋಚಿಸಿಕೊಂಡೂ ಹೋಗಿದ್ದೆ.

"ಕೊಡು" ಎಂದು ಕೈ ಚಾಚಿದಳು.

"ಬೇಡ ಅಂತೀಯೇನೋ ಅಂದ್ಕೊಂಡೆ."

"ಯಾಕೆ ಬೇಡ? ಇದಕ್ಕೆ ಕೊಡಬೇಕಾದ್ದನ್ನೆಲ್ಲ ನಾನು ಕೊಟ್ಟಾಯ್ತಲ್ಲ ಮಾವ."

ಹೆಸರು ಸರಿಯಿದೆಯೇ ಎಂದು ನೋಡಿ ಬ್ಯಾಗಿಗೆ ಹಾಕಿಕೊಂಡಳು. ಶಿವಕ್ಕ ಕಾಫಿ ಬೇಕಾ ಎಂದು ಕೇಳಲಿಲ್ಲ.

ನವೆಂಬರ್ 13, ಗುರುವಾರ

ಕ್ಲಿನಿಕ್ಕಿಗೆ ನಾನೂ ಬರಲಾ ಎಂದೆ. ಬೇಡ ಎಂದಳು.

ನವೆಂಬರ್ 22, ಶನಿವಾರ

ಕೆಂಗೇರಿ ಕಡೆಯಿಂದ ಒಬ್ಬಳು ಹುಡುಕಿಕೊಂಡು ಬಂದಿದ್ದಳು. ಸೆರಗಿನಿಂದ ಗಲ್ಲ ಮುಚ್ಚಿಕೊಂಡಿದ್ದಳು. ಸಿಗ್ನಲ್ಲಿನಲ್ಲಿ ಕೈಚಾಚಿ ಬದುಕುವವಳು. "ಫ್ಲೆಕ್ಸ್ ನೋಡಿದೆ ಅಪ್ಪಾಜಿ. ನಂಗೂ ಮಾಡಿಸ್ಕೊಡ್ತೀರಾ?" ಎಂದಳು.

"ಫೋಟೋ ಹಾಕ್ತಾರೆ ಕಣಮ್ಮ" ಎಂದೆ.

"ಹಾಕ್ಲಿ ಬಿಡಿ. ನಮ್ಮನ್ನ ಎಲ್ರೂ ನೋಡೇ ನೋಡ್ತಾರೆ."

ಅವಳ ಎದುರಿಗೇ ಮೋಹನ್ ಕುಮಾರನಿಗೆ ಫೋನ್ ಹಚ್ಚಿದೆ. "ಒಂದು ಸಲ ಮಾಡಿದ್ವಲ್ಲ ಅಣ್ಣ. ಮತ್ತೆ ಮತ್ತೆ ಅದೇ ಮಾಡಿದ್ರೆ ಜನ ಬೇರೆ ಥರ ಮಾತಾಡ್ತಾರೆ. ಆಗ್ಲೇ ಲೇಡೀಸ್ ವಿಂಗ್‌ನೋರು ಕೇಳ್ತಾ ಇದಾರೆ" ಎಂದ. ಸ್ಪೀಕರು ಹಾಕಿದ್ದೆ. ಅವಳಿಗೆ ಎಲ್ಲ ಕೇಳಿಸಿತು. ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರಿ ಎಂದು ಹೇಳಿ ಹೋದಳು. ಕೈಗೆ ಏನೂ ಕೊಡಲಿಲ್ಲ ನಾನು. ಕೈಯಲ್ಲಿ ಏನೂ ಇರಲಿಲ್ಲ.

ಗೌರವಾಧ್ಯಕ್ಷಗಿರಿ ಬಿಟ್ಟೆ. ಮಂಡಿನೋವು ಎಂದು ಕಾರಣ ಹೇಳಿದೆ. ಪರವಾಗಿಲ್ಲ ಬಿಡಣ್ಣ ಎಂದರು. ತಡೆಯುತ್ತಾರೆ ಎಂದುಕೊಂಡಿದ್ದೆ.

ಜನವರಿ 4, ಭಾನುವಾರ

ಅವಳ ಸಾಮಾನು ಟೆಂಪೋಗೆ ಹಾಕಿದರು. ಊರಿನ ಆ ತುದಿಯಲ್ಲಿ, ಬೈಯಪ್ಪನಹಳ್ಳಿಯ ಆಚೆ ಎಲ್ಲೋ ಕೆಲಸ ಸಿಕ್ಕಿದೆ. ತಲೆಯ ಮೇಲೆ ಕೈಯಿಟ್ಟು ಕಳಿಸೋಣ ಎಂದು ಕೆಳಗೆ ಇಳಿದೆ.

"ಎಲ್ಲವ್ವ ಆಫೀಸು?"

"ಹೇಳಲ್ಲ. ಹೇಳಿದ್ರೆ ಅಲ್ಲೂ ಬಂದು ಒಂದು ಶಾಲು ಹೊದಿಸ್ತೀಯ."

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಅಲ್ಲಿ ನಾನು ಮಾಲವಿಕಾ ಅಷ್ಟೇ. ಊರು ಕೇಳಿದ್ರೆ ಬೇರೆ ಊರು ಹೇಳ್ತೀನಿ. ಅಮ್ಮ ಒಬ್ಳೇ ಅಂತ ಹೇಳಿದೀನಿ, ಬೇರೆ ಯಾರೂ ಇಲ್ಲ ಅಂತ. ನಿಂಗೆ ಏನಾದ್ರೂ ಮಾಡ್ಬೇಕು ಅಂತ ಇದ್ರೆ ಒಂದೇ ಮಾಡು ಮಾವ. ಯಾರ ಹತ್ರಾನೂ ನನ್ನ ಸುದ್ದಿ ಎತ್ತಬೇಡ. ಎಲ್ಲಾದ್ರೂ ಸಿಕ್ಕಿದ್ರೂ ಮಾತಾಡಿಸಬೇಡ."

ಸೋದರಮಾವನಿಲ್ಲದೆ ಹಸೆಮಣೆ ಉಂಟೇ, ಆರತಿ ಉಂಟೇ ಎಂದು ಹೇಳಬೇಕೆಂದಿದ್ದೆ. ಸರಿ ಎಂದೆ.

ಫೆಬ್ರವರಿ 18, ಬುಧವಾರ

ಕಟಿಂಗ್ ಶಾಪಿನಲ್ಲಿ ವೆಂಕಟೇಶ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. "ಎಲ್ಲಣ್ಣ ನಿಮ್ಮ ಲಕ್ಷ ರೂಪಾಯಿ ಗಡ್ಡ, ಪತ್ತೇನೇ ಇಲ್ಲ?" ಎಂದ. ನನ್ನ ಬಾಯಲ್ಲಿ ಅವನ ಮಗನ ತಲೆಯ ಬಗ್ಗೆ ನಾಲ್ಕು ಮಾತು ತಯಾರಿದ್ದವು. ಒಂದು ಮಾತಾಡಿದರೆ ಅವನು ಇನ್ನೊಂದು ಕೇಳುತ್ತಾನೆ, ಅದಕ್ಕೆ ನಾನು ಇನ್ನೊಂದು ಹೇಳುತ್ತೇನೆ. "ಯಾರು? ನಂಗೊತ್ತಿಲ್ಲಪ್ಪ" ಎಂದು ಕಣ್ಣು ಮುಚ್ಚಿಕೊಂಡೆ. ಶಾಪಿನವರಿಗೆ ನನ್ನ ಮೈ ಸರಿಯಿಲ್ಲ ಎಂದು ಅನುಮಾನ.

ಏಪ್ರಿಲ್ 27, ಸೋಮವಾರ

ಇಂದಿರಾನಗರದಲ್ಲಿ ಒಂದು ಗೃಹಪ್ರವೇಶ. ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಸೀಟು ಇರಲಿಲ್ಲ, ಕಂಬ ಹಿಡಿದು ನಿಂತಿದ್ದೆ. ಮೆಜೆಸ್ಟಿಕ್ಕಿನಲ್ಲಿ ಜನ ಇಳಿದು ಜನ ಹತ್ತಿದರು. ಕೊರಳಿಗೆ ಆಫೀಸಿನ ಕಾರ್ಡು ಹಾಕಿಕೊಂಡ ನಾಲ್ಕೈದು ಹುಡುಗಿಯರು ನುಗ್ಗಿ ಬಂದು ಸೀಟು ಹಿಡಿದರು. ಒಬ್ಬಳು ಎಲ್ಲರ ಕೈಗೂ ಡಬ್ಬಿಯಿಂದ ಕೋಡುಬಳೆ ಹಂಚುತ್ತಿದ್ದಳು. ತಗೊಂಡವಳೊಬ್ಬಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಕಣ್ಣು ಪೂರ್ತಿ ಮುಚ್ಚಿದವು.

ಮಾಸ್ಕ್ ಇರಲಿಲ್ಲ. ಗಲ್ಲ ತೊಳೆದಿಟ್ಟ ಹಾಗಿತ್ತು. ತುಟಿಯ ಮೇಲೆ ಸ್ವಲ್ಪ ಕೆಂಪು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಬಾಯ್ತುಂಬ ಕೋಡುಬಳೆ ಅಗಿಯುತ್ತಿದ್ದಳು.

ಕಣ್ಣು ಬಿಟ್ಟಾಗ ನನ್ನನ್ನು ನೋಡಿದಳು. ಅಗಿಯುವುದು ನಿಂತಿತು. ನಾನು ಬಾಗಿಲ ಮೇಲೆ ಬರೆದಿದ್ದ ಸ್ಟೇಷನ್ನುಗಳ ಹೆಸರು ಓದಲು ಶುರುಮಾಡಿದೆ.

ಕೋಡುಬಳೆಯ ಹುಡುಗಿ ನನ್ನ ಕಡೆ ನೋಡಿ, "ಪಾಪ ಕಣೇ, ತಾತ ನಿಂತಿದಾರೆ" ಎಂದಳು. ಮಾಲವಿಕಾ ಎದ್ದು ನಿಂತಳು.

"ಕೂತ್ಕೊಳಿ ಅಂಕಲ್" ಎಂದಳು.

ಹುಟ್ಟಿದಾಗಿನಿಂದ ನನಗೆ ನೀವು ಎಂದವಳಲ್ಲ. ಧ್ವನಿ ಒಂದು ಚೂರೂ ನಡುಗಲಿಲ್ಲ. ಚೆನ್ನಾಗಿ ಕಲಿತಿದ್ದಾಳೆ.

"ಬೇಡಮ್ಮ, ನಂದು ಇಲ್ಲೇ ಸ್ಟೇಷನ್ನು" ಎಂದೆ. ವಿಧಾನಸೌಧ ಬಂತು, ಇಳಿದುಬಿಟ್ಟೆ. ಬಾಗಿಲು ಮುಚ್ಚುವಾಗ ಆ ಹುಡುಗಿ ಅವಳನ್ನು ಏನೋ ಕೇಳುತ್ತಿದ್ದಳು. ಅವಳು ಇಲ್ಲ ಎನ್ನುವ ಹಾಗೆ ತಲೆ ಆಡಿಸಿದಳು. ರೈಲು ಹೋಯಿತು. ಗೃಹಪ್ರವೇಶಕ್ಕೆ ಹೋಗಲು ಮನಸ್ಸಾಗಲಿಲ್ಲ, ಆ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಿ ವಾಪಸು ಬಂದೆ.

ಗೇಟಿನಲ್ಲಿ ಶಿವಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು. ಈಗೀಗ ನನ್ನ ಹತ್ತಿರ ಒಂದೆರಡು ಮಾತಾಡುತ್ತಾಳೆ.

"ಇಷ್ಟು ಬೇಗ ಬಂದ್ಯಾ ಅಣ್ಣ? ಯಾರ್ಯಾರು ಸಿಕ್ಕಿದ್ರು?"

"ಯಾರೂ ಸಿಗಲಿಲ್ಲ" ಎಂದೆ.